ಮಂಜಿನಲ್ಲಿ ಒಂದೇ ರನ್‌ವೇ, ಎರಡು ವಿಮಾನ: ನಡುವೆ ಉಳಿದಿದ್ದು 150 ಅಡಿ

ಬಸ್ಸಲ್ಲಿ ಇಯರ್‌ಫೋನ್ ಮರೆತವರಿಗೆ, ಆಫೀಸಲ್ಲಿ ಕೇಳೋಕೆ ಆಗದವರಿಗೆ ಈ ವಾರದ ಸಂಚಿಕೆಯ ಬರಹ ರೂಪ ಇಲ್ಲಿದೆ.



ಇವತ್ತು ಮೊದಲು ನನ್ನದೇ ಒಂದು ತಪ್ಪು ಒಪ್ಕೊಂಡು ಶುರು ಮಾಡ್ತೀನಿ. ಒಂದು ಜನವರಿ ತಿಂಗಳು. ಬೆಳಗಿನ ಜಾವದ ವಿಮಾನ, ಪುಣೆಯಿಂದ ಬೆಂಗಳೂರಿಗೆ. ಕಿಟಕಿ ಪಕ್ಕದ ಸೀಟು. ಕೆಳಗೆ ದೇವನಹಳ್ಳಿ ಕಡೆ ನೋಡಿದ್ರೆ ಹತ್ತಿ ಹಾಸಿದ ಹಾಗೆ ಬಿಳಿ ಮಂಜು. ವಿಮಾನ ಇಳೀತಾ ಬಂತು, ಚಕ್ರ ಬಿಚ್ಕೊಂಡ ಸದ್ದು ಬಂತು, ಪಕ್ಕದವರು ಆಗಲೇ ಫೋನ್ ಕೈಗೆ ತಗೊಂಡಿದ್ರು. ಇನ್ನೇನು ನೆಲ ಮುಟ್ಟಬೇಕು, ಅಷ್ಟರಲ್ಲಿ ಎಂಜಿನ್ ಜೋರಾಗಿ ಗರ್ಜಿಸಿ ವಿಮಾನ ಮೂಗೆತ್ತಿ ಮೇಲಕ್ಕೆ ಹೋಯ್ತು. ಹಿಂದಿನ ಸಾಲಲ್ಲಿ ಯಾರೋ ‘ಅಯ್ಯೋ ದೇವ್ರೇ’ ಅಂತ ಕೂಗಿದ್ರು. ಒಂದು ಮಗು ಅಳೋಕೆ ಶುರು ಮಾಡ್ತು. ಇಪ್ಪತ್ತೈದು ನಿಮಿಷ ಸುತ್ತು ಹೊಡೆದು ಆಮೇಲೆ ಇಳಿದ್ವಿ.

ನನಗೆ ಹತ್ತು ಗಂಟೆಗೆ ಒಂದು ರೆಕಾರ್ಡಿಂಗ್ ಇತ್ತು, ತಪ್ಪಿಹೋಯ್ತು. ಸಿಟ್ಟಲ್ಲಿ ಬ್ಯಾಗ್ ಬರೋಕೆ ಮುಂಚೆನೇ ಒಂದು ಪೋಸ್ಟ್ ಹಾಕ್ದೆ: ಸರಿಯಾಗಿ ಇಳಿಸೋಕೂ ಬರದ ಪೈಲಟ್ ಕೈಗೆ ನಮ್ಮ ಜೀವ ಕೊಟ್ಟಿದ್ದೀವಿ ಅಂತ. ಲೈಕುಗಳೂ ಬಂದ್ವು, ಸುಳ್ಳು ಹೇಳಲ್ಲ.

ಆ ಪೋಸ್ಟ್ ಎಷ್ಟು ಅವಿವೇಕದ್ದು ಅಂತ ನನಗೆ ಗೊತ್ತಾಗಿದ್ದು ಆಮೇಲೆ, ಅಮೆರಿಕದ ಟೆಕ್ಸಸ್ ರಾಜ್ಯದ ಆಸ್ಟಿನ್ ಅನ್ನೋ ಊರಲ್ಲಿ ನಡೆದ ಒಂದು ಘಟನೆ ಬಗ್ಗೆ ಓದಿದಾಗ. ಅಲ್ಲೂ ಒಂದು ವಿಮಾನ ಇಳಿಯೋ ಕೊನೇ ಗಳಿಗೆಯಲ್ಲಿ ಮೇಲಕ್ಕೆ ಹಾರಿತ್ತು. ಹಾರದೇ ಇದ್ದಿದ್ರೆ 131 ಜನರ ಕಥೆ ಅಲ್ಲಿಗೇ ಮುಗೀತಿತ್ತು. ಇವತ್ತಿನ ವಿಷಯ ಅದೇ. ಮಂಜು ಮುಸುಕಿದಾಗ ಆಕಾಶದಿಂದ ಇಳಿಯೋ ವಿಮಾನಕ್ಕೂ ಅದರ ಮುಂದಿರೋ ವಿಮಾನಕ್ಕೂ ನಡುವೆ ಎಷ್ಟು ಅಂತರ ಇರಬೇಕು, ಅದನ್ನ ಯಾರು ಕಾಯ್ತಾರೆ, ಅದು ಕೈತಪ್ಪೋದು ಹೇಗೆ?

ಆಕಾಶದಲ್ಲೂ ಒಂದು ಸಾಲು

ನಾವು ಕೆಳಗಿಂದ ನೋಡಿದಾಗ ವಿಮಾನಗಳು ಬೇಕಾದ ಹಾಗೆ ಹಾರಾಡ್ತವೆ ಅನ್ಸುತ್ತೆ. ಆದರೆ ಇಳಿಯೋ ಹೊತ್ತಿಗೆ ಎಲ್ಲವೂ ಒಂದು ಸಾಲಿಗೆ ಬರಲೇಬೇಕು. ಮದುವೆ ಮನೆಯಲ್ಲಿ ಕೈ ತೊಳೆಯೋಕೆ ನಿಂತ ಸಾಲು ಅಂದ್ಕೊಳ್ಳಿ. ಒಂದೇ ನಲ್ಲಿ, ಎಲ್ಲರಿಗೂ ಅದೇ ಬೇಕು. ವ್ಯತ್ಯಾಸ ಏನಂದ್ರೆ, ಇಲ್ಲಿ ಸಾಲಲ್ಲಿರೋ ಯಾರೂ ನಿಲ್ಲೋ ಹಾಗಿಲ್ಲ. ನಿಂತ್ರೆ ಬೀಳ್ತಾರೆ.

ಈ ಸಾಲಿಗೆ ಲೆಕ್ಕ ಇದೆ. ವಿಮಾನ ನಿಲ್ದಾಣದ ಸುತ್ತಮುತ್ತ ರಾಡಾರ್ ನೋಡ್ಕೊಂಡು ವಿಮಾನಗಳನ್ನ ನಡೆಸುವಾಗ ಸಾಮಾನ್ಯವಾಗಿ ಎರಡು ವಿಮಾನಗಳ ನಡುವೆ ಅಡ್ಡಕ್ಕೆ 3 ನಾಟಿಕಲ್ ಮೈಲು, ಅಂದ್ರೆ ಸುಮಾರು ಐದೂವರೆ ಕಿಲೋಮೀಟರ್ ಇರಬೇಕು. ಅಷ್ಟು ಇಲ್ಲ ಅಂದ್ರೆ ಮೇಲೆ ಕೆಳಗೆ 1,000 ಅಡಿ ಅಂತರ ಇರಬೇಕು. ಮುಂದೆ ಹೋಗ್ತಿರೋದು ದೊಡ್ಡ ಭಾರದ ವಿಮಾನ ಆಗಿದ್ರೆ ಅದರ ರೆಕ್ಕೆಯ ತುದಿಯಿಂದ ಹೊರಡೋ ಸುಳಿಗಾಳಿ ಹಿಂದಿನವರನ್ನ ಮಗುಚಿ ಹಾಕಬಹುದು. ಅದಕ್ಕೇ ಅಲ್ಲಿ ಇನ್ನೂ ಹೆಚ್ಚು ದೂರ ಬಿಡ್ತಾರೆ.

ಐದೂವರೆ ಕಿಲೋಮೀಟರ್ ಅಂದ್ರೆ ನಮಗೆ ಬಹಳ ದೂರ. ಬೆಂಗಳೂರಲ್ಲಿ ಸಂಜೆ ಆರು ಗಂಟೆಗೆ ಅಷ್ಟು ದೂರ ಹೋಗೋಕೆ ಮುಕ್ಕಾಲು ಗಂಟೆ ಬೇಕು. ಆದರೆ ಇಳಿಯೋ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್. ಸೆಕೆಂಡಿಗೆ 72 ಮೀಟರ್. ಆ ಐದೂವರೆ ಕಿಲೋಮೀಟರ್ ಅದಕ್ಕೆ ಬರೀ 77 ಸೆಕೆಂಡಿನ ದಾರಿ. ಈ 77 ಅನ್ನೋ ಸಂಖ್ಯೆ ನೆನಪಿಟ್ಕೊಳ್ಳಿ, ಇನ್ನೊಂದು ಸ್ವಲ್ಪ ಹೊತ್ತಿಗೆ ಮತ್ತೆ ಬೇಕಾಗುತ್ತೆ.

ಕೊನೆಯದಾಗಿ ಇನ್ನೊಂದು ನಿಯಮ. ಇದು ಎಲ್ಲಕ್ಕಿಂತ ಸರಳ: ಒಂದು ಸಲಕ್ಕೆ ಒಂದು ರನ್‌ವೇಗೆ ಒಂದೇ ವಿಮಾನ. ಇಳಿಯೋರು ಬರೋಕೆ ಮುಂಚೆ ಹೊರಡೋರು ಹೋಗಿರಬೇಕು, ಇಳಿದವರು ಪಕ್ಕಕ್ಕೆ ಸರಿದಿರಬೇಕು.

ಮಂಜಲ್ಲಿ ಪೈಲಟ್‌ಗೆ ಕಾಣೋದು ಏನು?

ಈಗ ಇದಕ್ಕೆ ಮಂಜು ಸೇರಿಸಿ.

ಮಂಜು ಇದ್ದಾಗ ಪೈಲಟ್‌ಗಳು ಕಣ್ಣಿಂದ ಅಲ್ಲ, ರೇಡಿಯೋ ಕಿರಣ ಹಿಡ್ಕೊಂಡು ಇಳೀತಾರೆ. ಐಎಲ್‌ಎಸ್ ಅನ್ನೋ ವ್ಯವಸ್ಥೆ ಅದು. ರನ್‌ವೇ ಪಕ್ಕದ ಒಂದು ಆಂಟೆನಾ ‘ನೀನು ಮೇಲಿದ್ದೀಯಾ, ಕೆಳಗಿದ್ದೀಯಾ’ ಅಂತ ಹೇಳುತ್ತೆ. ರನ್‌ವೇಯ ಆ ಕೊನೆಯಲ್ಲಿರೋ ಇನ್ನೊಂದು ಆಂಟೆನಾ ‘ಎಡಕ್ಕೆ ಹೋದೆ, ಬಲಕ್ಕೆ ಬಂದೆ’ ಅಂತ ಹೇಳುತ್ತೆ. ಕತ್ತಲ ಬಾವಿಗೆ ಹಗ್ಗ ಹಿಡ್ಕೊಂಡು ಇಳಿದ ಹಾಗೆ.

ಎಷ್ಟು ಕೆಳಗಿನವರೆಗೆ ಹಗ್ಗ ನಂಬಬಹುದು ಅನ್ನೋದಕ್ಕೆ ದರ್ಜೆಗಳಿವೆ. ಕ್ಯಾಟ್ ಒನ್‌ನಲ್ಲಿ ನೆಲದಿಂದ 200 ಅಡಿ ಎತ್ತರದಲ್ಲಿ ದೀಪಗಳೋ ರನ್‌ವೇಯೋ ಕಣ್ಣಿಗೆ ಕಾಣಲೇಬೇಕು, ಇಲ್ಲಾಂದ್ರೆ ಮೇಲಕ್ಕೆ. ಕ್ಯಾಟ್ ಟೂ ಆದರೆ 100 ಅಡಿ. ಕ್ಯಾಟ್ ತ್ರೀಯಲ್ಲಿ ಅದಕ್ಕಿಂತಲೂ ಕೆಳಗೆ, ಬಹುಪಾಲು ಆಟೋಪೈಲಟ್ಟೇ ನೆಲ ಮುಟ್ಟಿಸುತ್ತೆ. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದ ದಕ್ಷಿಣ ರನ್‌ವೇಯಲ್ಲಿ ಕ್ಯಾಟ್ ತ್ರೀ ಬಿ ಇದೆ. 50 ಮೀಟರ್ ಕಾಣ್ತಿದ್ರೂ ತರಬೇತಿ ಪಡೆದ ಪೈಲಟ್, ಅದಕ್ಕೆ ತಕ್ಕ ವಿಮಾನ ಇದ್ರೆ ಇಳಿಸಬಹುದು.

ಕಾಣೋ ದೂರವನ್ನ ಅಂದಾಜಲ್ಲಿ ಹೇಳಲ್ಲ. ರನ್‌ವೇ ಉದ್ದಕ್ಕೂ ಮೂರು ಕಡೆ, ಅಂದ್ರೆ ಇಳಿಯೋ ಜಾಗ, ಮಧ್ಯ, ಕೊನೆ, ಈ ಮೂರು ಕಡೆ ಯಂತ್ರ ಇಟ್ಟು ಅಳೀತಾರೆ. ಅದಕ್ಕೆ ಆರ್‌ವಿಆರ್ ಅಂತ ಹೆಸರು. ಮಂಜು ಎಲ್ಲ ಕಡೆ ಒಂದೇ ಥರ ಇರಲ್ಲ ನೋಡಿ.

ಇಲ್ಲೊಂದು ಸೂಕ್ಷ್ಮ ಇದೆ. ಐಎಲ್‌ಎಸ್ ಪೈಲಟ್‌ಗೆ ರನ್‌ವೇ ಎಲ್ಲಿದೆ ಅಂತ ಹೇಳುತ್ತೆ. ಆ ರನ್‌ವೇ ಮೇಲೆ ಯಾರಾದ್ರೂ ನಿಂತಿದ್ದಾರಾ ಅಂತ ಹೇಳಲ್ಲ. ಹಗ್ಗ ಬಾವಿಯ ತಳಕ್ಕೆ ಕರ್ಕೊಂಡು ಹೋಗುತ್ತೆ, ತಳದಲ್ಲಿ ಏನಿದೆ ಅಂತ ಹಗ್ಗಕ್ಕೆ ಗೊತ್ತಿಲ್ಲ. ಅದನ್ನ ಹೇಳಬೇಕಾದವರು ಟವರ್‌ನಲ್ಲಿರೋ ಕಂಟ್ರೋಲರ್.

ಆಸ್ಟಿನ್, 4 ಫೆಬ್ರವರಿ 2023, ಬೆಳಿಗ್ಗೆ 6:40

ಈಗ ಆಸ್ಟಿನ್‌ಗೆ ಬರೋಣ. ಶನಿವಾರ, ಸೂರ್ಯ ಇನ್ನೂ ಹುಟ್ಟಿಲ್ಲ. ಕೊರೆಯೋ ಚಳಿ, ದಟ್ಟ ಮಂಜು. ಟವರ್‌ನಿಂದ ರನ್‌ವೇ ಕಾಣ್ತಿಲ್ಲ.

ಮೆಂಫಿಸ್‌ನಿಂದ ಫೆಡೆಕ್ಸ್‌ನ ಸರಕು ವಿಮಾನ ಬರ್ತಿದೆ. ಬೋಯಿಂಗ್ 767, ಒಳಗೆ ಮೂವರು ಸಿಬ್ಬಂದಿ. ಕ್ಯಾಟ್ ತ್ರೀ ಲ್ಯಾಂಡಿಂಗ್ ಮಾಡ್ತೀವಿ ಅಂತ ಹೇಳಿದ್ದಾರೆ, ಇಳಿಯೋಕೆ ಅನುಮತಿನೂ ಸಿಕ್ಕಿದೆ. ಕಂಟ್ರೋಲರ್ ಅವರಿಗೆ ಆರ್‌ವಿಆರ್ ಓದಿ ಹೇಳ್ತಾರೆ: ಇಳಿಯೋ ಜಾಗದಲ್ಲಿ 1,400 ಅಡಿ, ಮಧ್ಯದಲ್ಲಿ 600, ಕೊನೆಯಲ್ಲಿ 1,800. ಮಧ್ಯದ ಆ 600 ಅಡಿ ಅಂದ್ರೆ ಸುಮಾರು 180 ಮೀಟರ್. ಇಳಿಯೋ ವೇಗದಲ್ಲಿ ಅದು ಎರಡೂವರೆ ಸೆಕೆಂಡ್.

ಅದೇ ರನ್‌ವೇಯಿಂದ ಮೆಕ್ಸಿಕೋದ ಕ್ಯಾನ್‌ಕೂನ್‌ಗೆ ಹೊರಡೋಕೆ ಸೌತ್‌ವೆಸ್ಟ್ ಕಂಪನಿಯ ಬೋಯಿಂಗ್ 737 ಸಿದ್ಧವಾಗಿದೆ. ಒಳಗೆ 128 ಜನ. ‘ನಾವು ರೆಡಿ’ ಅಂತ ಪೈಲಟ್ ಟವರ್‌ಗೆ ಹೇಳ್ತಾರೆ. ಕಂಟ್ರೋಲರ್ ಟೇಕಾಫ್‌ಗೆ ಅನುಮತಿ ಕೊಡ್ತಾರೆ. ಜೊತೆಗೇ, 3 ಮೈಲು ದೂರದಲ್ಲಿ ಒಂದು 767 ಬರ್ತಿದೆ ಅಂತಲೂ ತಿಳಿಸ್ತಾರೆ.

ಮೂರು ಮೈಲು. 77 ಸೆಕೆಂಡ್ ಅಂದಿದ್ದೆ ನೆನಪಿದೆಯಾ? ಈಗ ಲೆಕ್ಕ ಹಾಕಿ. ಮಂಜಲ್ಲಿ ನಿಧಾನಕ್ಕೆ ರನ್‌ವೇ ಮೇಲೆ ಬರಬೇಕು, ತಿರುಗಿ ನೇರ ಆಗಬೇಕು, ಎಂಜಿನ್ ಏರಿಸಬೇಕು, ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಬೇಕು, ಆಮೇಲೆ ಮೇಲೇಳಬೇಕು. ಎಲ್ಲಾ 77 ಸೆಕೆಂಡಲ್ಲಿ. ಬಿಸಿಲಿರೋ ದಿನ, ಎಲ್ಲರೂ ಎಲ್ಲರನ್ನೂ ನೋಡ್ತಿರುವಾಗ ಇದು ನಡೆದುಹೋಗಬಹುದು. ಆದರೆ ಆ ದಿನ ಸೌತ್‌ವೆಸ್ಟ್ ಪೈಲಟ್‌ಗಳು ರನ್‌ವೇ ಮೇಲೆ ನಿಂತು ಎಂಜಿನ್ ರನ್-ಅಪ್ ಮಾಡಿದ್ರು. ಕೊರೆಯೋ ಮಂಜಲ್ಲಿ ಎಂಜಿನ್ ಒಳಗೆ ಕಟ್ಟಿರಬಹುದಾದ ಹಿಮ ಉದುರಿಸೋಕೆ ಅದು ಬೇಕು. ಅದು ತಪ್ಪಲ್ಲ. ಆದರೆ ‘ನಮಗೆ ರನ್‌ವೇ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಬೇಕು’ ಅಂತ ಅವರು ಟವರ್‌ಗೆ ಹೇಳಿರಲಿಲ್ಲ. ಕಂಟ್ರೋಲರ್ ಕೇಳಿಯೂ ಇರಲಿಲ್ಲ.

ಮೇಲೆ ಫೆಡೆಕ್ಸ್ ಕಾಕ್‌ಪಿಟ್‌ನಲ್ಲಿ ಇದೆಲ್ಲ ರೇಡಿಯೋದಲ್ಲಿ ಕೇಳಿಸ್ತಿದೆ. ನಮ್ಮ ಮುಂದೆ ಇನ್ನೊಬ್ಬರನ್ನ ಬಿಟ್ರಾ ಅಂತ ಅವರಿಗೆ ಸಂಶಯ. ಒಮ್ಮೆ ಕೇಳ್ತಾರೆ: ನಮಗೆ ಇಳಿಯೋ ಅನುಮತಿ ಇದೆ ಅಲ್ವಾ, ಖಚಿತ ಮಾಡಿ. ಹೌದು, ಇದೆ, ನೀವು ಬರೋಕೆ ಮುಂಚೆ ಒಂದು 737 ಹೊರಡುತ್ತೆ ಅಂತ ಉತ್ತರ ಬರುತ್ತೆ.

ಕಂಟ್ರೋಲರ್ ಸೌತ್‌ವೆಸ್ಟ್‌ನವರನ್ನ ಕೇಳ್ತಾರೆ: ಓಡೋಕೆ ಶುರು ಮಾಡಿದ್ದೀರಾ? ಈಗ ಓಡ್ತಿದ್ದೀವಿ ಅಂತಾರೆ ಅವರು.

ಫೆಡೆಕ್ಸ್ ನೆಲದಿಂದ ಸುಮಾರು 150 ಅಡಿ ಎತ್ತರಕ್ಕೆ ಬಂದಿದೆ. ಫಸ್ಟ್ ಆಫೀಸರ್ ಕಣ್ಣಿಗೆ ಮಂಜಿನ ಸಂದಿಯಲ್ಲಿ ಏನೋ ಕಾಣುತ್ತೆ. ರನ್‌ವೇ ಮೇಲೆ ಇನ್ನೊಂದು ವಿಮಾನ. ಗೋ-ಅರೌಂಡ್ ಅಂತ ಕೂಗ್ತಾರೆ. 767 ಮೇಲಕ್ಕೆ ಏಳೋಕೆ ಶುರು ಮಾಡುತ್ತೆ. ಅದೇ ಉಸಿರಲ್ಲಿ ಫೆಡೆಕ್ಸ್‌ನವರೇ ರೇಡಿಯೋದಲ್ಲಿ ಸೌತ್‌ವೆಸ್ಟ್‌ಗೆ ಟೇಕಾಫ್ ನಿಲ್ಲಿಸಿ ಅಂತ ಹೇಳ್ತಾರೆ. ಗಮನಿಸಿ, ಇದನ್ನ ಹೇಳಿದ್ದು ಟವರ್ ಅಲ್ಲ. ಆದರೆ 737 ನಿಲ್ಲಲಿಲ್ಲ, ಅದೂ ಮೇಲೆದ್ದಿತು. ಈಗ ಮಂಜಿನೊಳಗೆ ಒಂದರ ಮೇಲೊಂದು ಎರಡು ವಿಮಾನ, ಎರಡೂ ಮೇಲಕ್ಕೆ ಏರ್ತಾ ಇವೆ.

ಅವೆರಡರ ನಡುವೆ ಉಳಿದ ಅಂತರ, ತನಿಖೆಯ ಪ್ರಕಾರ, ಸುಮಾರು 150ರಿಂದ 170 ಅಡಿ. ಆ 767 ವಿಮಾನದ ಉದ್ದವೇ 180 ಅಡಿ. ಅದರ ಮೈಯಷ್ಟು ಜಾಗವೂ ನಡುವೆ ಇರಲಿಲ್ಲ.

ನನ್ನನ್ನ ಇವತ್ತಿಗೂ ಕಾಡೋದು ಇದಾದ ಮೇಲಿನ ಕ್ಷಣ. ಸೌತ್‌ವೆಸ್ಟ್ ಟೇಕಾಫ್ ನಿಲ್ಲಿಸಿದೆ ಅಂತ ತಿಳಿದು ಕಂಟ್ರೋಲರ್, ಸಾಧ್ಯವಾದಾಗ ರನ್‌ವೇಯಿಂದ ಬಲಕ್ಕೆ ತಿರುಗಿ ಅಂತಾರೆ. ಇಲ್ಲ ಅಂತ ಉತ್ತರ ಬರುತ್ತೆ. ಅವರು ಆಗಲೇ ಗಾಳಿಯಲ್ಲಿದ್ದಾರೆ. ಅಂದ್ರೆ ತನ್ನ ರನ್‌ವೇ ಮೇಲೆ ಏನು ನಡೀತಿದೆ ಅನ್ನೋದು ಕೊನೇವರೆಗೂ ಟವರ್‌ಗೆ ಕಾಣಲೇ ಇಲ್ಲ.

ಇಷ್ಟೊಂದು ಯಂತ್ರ ಇದ್ವಲ್ಲ, ಯಾಕೆ ಕೂಗಲಿಲ್ಲ?

ಇದನ್ನ ಕೇಳಿದ ತಕ್ಷಣ ನಮ್ಮ ತಂಡದಲ್ಲಿ ಎಲ್ಲರೂ ಕೇಳಿದ ಪ್ರಶ್ನೆ ಇದು. ನನ್ನ ಸ್ಕೂಟರ್‌ಗೇ ಸೈಡ್ ಸ್ಟ್ಯಾಂಡ್ ಹಾಕಿದ್ರೆ ಅಲಾರಂ ಹೊಡ್ಕೊಳ್ಳುತ್ತೆ, ಕೋಟಿಗಟ್ಟಲೆ ಬೆಲೆಯ ವಿಮಾನಕ್ಕೆ ಇಲ್ವಾ?

ಇದೆ. ಟಿಕಾಸ್ ಅಂತ ಕರೀತಾರೆ. ಎರಡು ವಿಮಾನ ಹತ್ತಿರ ಬಂದ್ರೆ ಅವೇ ಮಾತಾಡ್ಕೊಂಡು ಒಂದಕ್ಕೆ ‘ಏರು’, ಇನ್ನೊಂದಕ್ಕೆ ‘ಇಳಿ’ ಅಂತ ಹೇಳ್ತವೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಎರಡು ವಿಮಾನ ಆಕಾಶದಲ್ಲೇ ಡಿಕ್ಕಿ ಹೊಡೆದು 349 ಜನ ಸತ್ತರು. ಆ ದುರಂತದ ನಂತರ ಭಾರತದ ಆಕಾಶಕ್ಕೆ ಬರೋ ದೊಡ್ಡ ವಿಮಾನಗಳಿಗೆ ಟಿಕಾಸ್ ಕಡ್ಡಾಯ ಆಯ್ತು.

ಆದರೆ ನೆಲದಿಂದ ಸುಮಾರು 1,000 ಅಡಿಗಿಂತ ಕೆಳಗೆ ಟಿಕಾಸ್ ಏರು-ಇಳಿ ಅಂತ ಹೇಳೋದನ್ನ ಬೇಕಂತಲೇ ನಿಲ್ಲಿಸುತ್ತೆ. ನೆಲ ಅಷ್ಟು ಹತ್ತಿರ ಇರುವಾಗ ‘ಇಳಿ’ ಅಂದ್ರೆ ಎಲ್ಲಿಗೆ ಇಳಿಯೋದು? ಕೆಳಗೆ ನಿಂತಿರೋ ಪ್ರತಿ ವಿಮಾನವನ್ನೂ ನೋಡಿ ಅದು ಕೂಗ್ತಾ ಕೂತ್ರೆ ಪೈಲಟ್ ಯಾವುದನ್ನ ನಂಬೋದು? ಅಲಾರಂ ಇಲ್ಲದಿರೋಕೆ ಸರಿಯಾದ ಕಾರಣವೇ ಇದೆ. ಆದರೆ ಅಪಾಯ ಎಲ್ಲಿ ಹೆಚ್ಚೋ ಅಲ್ಲೇ ಅದು ಮೌನ.

ಎರಡನೇದು, ನೆಲದ ರಾಡಾರ್. ರನ್‌ವೇ, ಟ್ಯಾಕ್ಸಿವೇ ಮೇಲೆ ಯಾರು ಎಲ್ಲಿದ್ದಾರೆ ಅಂತ ಟವರ್‌ನಲ್ಲಿ ಪರದೆ ಮೇಲೆ ತೋರಿಸೋ ವ್ಯವಸ್ಥೆ. ಅಮೆರಿಕದಲ್ಲಿ ಅದರ ಒಂದು ಮುಖ್ಯ ಮಾದರಿ 35 ದೊಡ್ಡ ನಿಲ್ದಾಣಗಳಲ್ಲಿ ಇತ್ತು. ಆಸ್ಟಿನ್‌ನಲ್ಲಿ ಇರಲಿಲ್ಲ.

ಮೂರನೇದು, ಕಣ್ಣು. ಅದಕ್ಕೆ ಮಂಜು ಪರದೆ ಎಳೆದಿತ್ತು.

ಹಾಗಾದ್ರೆ ಉಳಿದಿದ್ದು ಏನು? ಕಿವಿ. ರೇಡಿಯೋದಲ್ಲಿ ಕೇಳಿಸ್ಕೊಂಡು, ಇವರು ಇಲ್ಲಿರಬಹುದು, ಅವರು ಅಲ್ಲಿರಬಹುದು ಅಂತ ತಲೆಯಲ್ಲಿ ಒಂದು ಚಿತ್ರ ಬರೆಯೋದು. ಆ ಚಿತ್ರ ತಪ್ಪಾಗಿದ್ರೆ ತಿದ್ದೋಕೆ ಬೇರೆ ಏನೂ ಇರಲಿಲ್ಲ.

‘ಅಂದ್ಕೊಂಡೆ’ ಅನ್ನೋ ಪದ

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ 2024ರ ಜೂನ್‌ನಲ್ಲಿ ತನ್ನ ತೀರ್ಮಾನ ಹೇಳ್ತು. ಮುಖ್ಯ ಕಾರಣ: ಫೆಡೆಕ್ಸ್ ಬರೋಕೆ ಮುಂಚೆ ಸೌತ್‌ವೆಸ್ಟ್ ಹೊರಟುಹೋಗುತ್ತೆ ಅಂತ ಕಂಟ್ರೋಲರ್ ತಪ್ಪಾಗಿ ಭಾವಿಸಿದ್ದು. ಜೊತೆಗೆ, ಆ ಟವರ್‌ನಲ್ಲಿ ಕಡಿಮೆ ಗೋಚರತೆಯ ದಿನಗಳಿಗೆ ಸಾಕಷ್ಟು ತರಬೇತಿ ಇರಲಿಲ್ಲ, ಹೆಚ್ಚು ಸಮಯ ಬೇಕು ಅಂತ ಸೌತ್‌ವೆಸ್ಟ್ ತಿಳಿಸಲಿಲ್ಲ, ನೆಲದ ಮೇಲಿನ ವಿಮಾನ ಪತ್ತೆ ಮಾಡೋ ವ್ಯವಸ್ಥೆ ಅಲ್ಲಿರಲಿಲ್ಲ.

ನೋಡಿ, ಆ ಕಂಟ್ರೋಲರ್‌ನ ಖಳನಾಯಕ ಮಾಡೋದು ಸುಲಭ. ಆದರೆ ಯೋಚಿಸಿ. ವರ್ಷಗಳಿಂದ ದಿನಾ ಅದೇ ಜಾಗದಲ್ಲಿ ವಿಮಾನ ಹೊರಡಿಸಿದವರು. ನೂರಕ್ಕೆ ನೂರು ಸಲ ವಿಮಾನ ತಕ್ಷಣ ಬಂದು, ತಕ್ಷಣ ಓಡಿ, ತಕ್ಷಣ ಹೋಗಿದೆ. ತಲೆ ಅದನ್ನೇ ನಿಯಮ ಅಂತ ಬರ್ಕೊಂಡಿದೆ. ನಾವು ಮಾಡೋದೂ ಅದನ್ನೇ. ಗಾಡಿ ಓಡಿಸುವಾಗ ಎದುರಿನವನು ನಿಲ್ಲಿಸ್ತಾನೆ ಅಂದ್ಕೊಂಡೆ, ಅಮ್ಮ ಗ್ಯಾಸ್ ಆಫ್ ಮಾಡಿರ್ತಾಳೆ ಅಂದ್ಕೊಂಡೆ. ದಿನಾ ಸರಿಹೋಗುತ್ತೆ, ಅದಕ್ಕೇ ಒಂದು ದಿನ ಕೇಳಲ್ಲ.

ವಿಮಾನಯಾನದ ಚರಿತ್ರೆ ತೆಗೆದು ನೋಡಿದ್ರೆ ರನ್‌ವೇ ಮೇಲಿನ ದೊಡ್ಡ ದುರಂತಗಳಲ್ಲಿ ಈ ‘ಅಂದ್ಕೊಂಡೆ’ ಎದ್ದು ಕಾಣುತ್ತೆ. 1977ರ ಮಾರ್ಚ್ 27, ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪ. ದಟ್ಟ ಮಂಜು. ಟೇಕಾಫ್ ಅನುಮತಿ ಸಿಕ್ಕಿದೆ ಅಂದ್ಕೊಂಡು ಒಂದು 747 ಓಡ್ತು. ರನ್‌ವೇ ಮೇಲೆ ಇನ್ನೊಂದು 747 ಇತ್ತು. 583 ಸಾವು. ಇವತ್ತಿಗೂ ವಿಮಾನಯಾನದ ಅತಿ ದೊಡ್ಡ ಅಪಘಾತ ಅದೇ. 1991ರ ಫೆಬ್ರವರಿ 1, ಲಾಸ್ ಏಂಜಲಿಸ್. ರಾತ್ರಿ ಹೊತ್ತು. ಒಂದು ಸಣ್ಣ ವಿಮಾನವನ್ನ ರನ್‌ವೇ ಮೇಲೆ ನಿಲ್ಲಿಸಿ ಮರೆತ ಕಂಟ್ರೋಲರ್, ಅದೇ ರನ್‌ವೇಗೆ ದೊಡ್ಡ ಜೆಟ್ ಇಳಿಸಿದ್ರು. 35 ಸಾವು. 2024ರ ಜನವರಿ 2, ಟೋಕಿಯೋದ ಹನೇದಾ. ಅನುಮತಿ ಇದೆ ಅಂದ್ಕೊಂಡು ಕರಾವಳಿ ರಕ್ಷಣಾ ಪಡೆಯ ವಿಮಾನ ರನ್‌ವೇಗೆ ಬಂತು, ಅದರ ಮೇಲೆ ಜಪಾನ್ ಏರ್‌ಲೈನ್ಸ್ ವಿಮಾನ ಇಳೀತು. ದೊಡ್ಡ ವಿಮಾನದ 379 ಜನರೂ ಹೊರಗೆ ಬಂದದ್ದು ಪವಾಡದಂಥ ಶಿಸ್ತು. ಆದರೆ ಸಣ್ಣ ವಿಮಾನದ ಆರು ಜನರಲ್ಲಿ ಐವರು ಉಳಿಯಲಿಲ್ಲ.

ಹನೇದಾದಲ್ಲಿ ಮಂಜಿರಲಿಲ್ಲ. ಅಂದ್ರೆ ಮಂಜು ಈ ತಪ್ಪನ್ನ ಹುಟ್ಟುಹಾಕಲ್ಲ. ತಪ್ಪು ಆದಾಗ ಅದನ್ನ ಕಂಡುಹಿಡಿಯೋ ಕೊನೇ ಅವಕಾಶವನ್ನ ಕಿತ್ಕೊಳ್ಳುತ್ತೆ.

ನಮ್ಮ ಬೆಂಗಳೂರಲ್ಲೂ ಒಂದು ಬೆಳಗು

ಇದೆಲ್ಲ ಹೊರದೇಶದ ಕಥೆ ಅಂತ ಆರಾಮಾಗಿ ಕೂರೋ ಹಾಗಿಲ್ಲ. 2022ರ ಜನವರಿ 7ರ ಬೆಳಿಗ್ಗೆ ಕೆಂಪೇಗೌಡ ನಿಲ್ದಾಣದ ಎರಡು ಅಕ್ಕಪಕ್ಕದ ರನ್‌ವೇಗಳಿಂದ ಎರಡು ವಿಮಾನ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಮೇಲೆದ್ದವು. ಒಂದು ಕೋಲ್ಕತ್ತಾಗೆ, ಇನ್ನೊಂದು ಭುವನೇಶ್ವರಕ್ಕೆ. ಮೇಲೆದ್ದ ಮೇಲೆ ಒಂದರ ಕಡೆಗೆ ಇನ್ನೊಂದು ಬರೋಕೆ ಶುರು ಮಾಡಿದ್ವು. ಇಳಿಯುವಾಗ ಅಲ್ಲ, ಏರುವಾಗ ಆದದ್ದು ಇದು. ಆದರೆ ಬೇರು ಒಂದೇ. ಇನ್ನು ಒಂದೇ ರನ್‌ವೇ ಬಳಸೋಣ ಅಂತ ಪಾಳಿಯ ಮುಖ್ಯಸ್ಥರ ಮಟ್ಟದಲ್ಲಿ ತೀರ್ಮಾನ ಆಗಿತ್ತು. ಆ ಮಾತು ದಕ್ಷಿಣ ಟವರ್‌ನ ಕಂಟ್ರೋಲರ್‌ಗೆ ತಲುಪಿರಲಿಲ್ಲ. ಅಪ್ರೋಚ್ ರಾಡಾರ್ ನೋಡ್ತಿದ್ದ ಕಂಟ್ರೋಲರ್ ಸಕಾಲಕ್ಕೆ ಗಮನಿಸಿ ಎರಡಕ್ಕೂ ಬೇರೆ ಬೇರೆ ದಿಕ್ಕು ಕೊಟ್ಟು ತಪ್ಪಿಸಿದ್ರು. ಒಳಗೆ ಕೂತಿದ್ದ ನಾನೂರಕ್ಕೂ ಹೆಚ್ಚು ಜನರಿಗೆ ಆಗ ಇದರ ಸುಳಿವೂ ಇದ್ದಿರಲಿಕ್ಕಿಲ್ಲ. ಬಹುಶಃ ಕಾಫಿ ಯಾವಾಗ ಕೊಡ್ತಾರೆ ಅಂತ ಕಾಯ್ತಿದ್ರು.

ಹಾಗಾದ್ರೆ ಏನು ಮಾಡ್ತಾರೆ?

ಮಂಜಿನ ದಿನ ಸರಿಯಾಗಿ ನಡೆಯೋ ನಿಲ್ದಾಣದಲ್ಲಿ ಮೊದಲು ಮಾಡೋ ಕೆಲಸ, ಸಾಲನ್ನ ಸಡಿಲ ಮಾಡೋದು. ವಿಮಾನಗಳ ನಡುವೆ ಅಂತರ ಹೆಚ್ಚಿಸ್ತಾರೆ. ಇಳಿದವರು ಮಂಜಲ್ಲಿ ದಾರಿ ಹುಡುಕಿ ರನ್‌ವೇಯಿಂದ ಹೊರಗೆ ಹೋಗೋಕೆ ಹೆಚ್ಚು ಹೊತ್ತು ಬೇಕು. ಐಎಲ್‌ಎಸ್ ಆಂಟೆನಾ ಮುಂದೆ ಬೇರೆ ವಿಮಾನ ಅಡ್ಡ ಬಂದ್ರೆ ಆ ರೇಡಿಯೋ ಕಿರಣ ಸೊಟ್ಟ ಆಗುತ್ತೆ. ಹಗ್ಗ ಹಿಡ್ಕೊಂಡು ಇಳೀತಿರೋರಿಗೆ ಹಗ್ಗವೇ ಅಲ್ಲಾಡಿದ ಹಾಗೆ. ಅದಕ್ಕೇ ಹೊರಡೋ ವಿಮಾನ ಇನ್ನೂ ಬೇಗ ಜಾಗ ಖಾಲಿ ಮಾಡಿರಬೇಕು. ಇದೆಲ್ಲ ಸೇರಿ ಒಂದು ಗಂಟೆಗೆ ಇಳಿಯೋ ವಿಮಾನಗಳ ಸಂಖ್ಯೆ ಇಳಿದುಹೋಗುತ್ತೆ. ಡಿಸೆಂಬರ್-ಜನವರಿ ಬೆಳಿಗ್ಗೆ ನಿಮ್ಮ ವಿಮಾನ ಎರಡು ಗಂಟೆ ತಡ ಅಂತ ಬೋರ್ಡಲ್ಲಿ ಬಂದ್ರೆ, ನಿಮ್ಮ ಊರಲ್ಲಿ ಬಿಸಿಲಿದ್ರೂ, ಕಾರಣ ಇದಿರಬಹುದು.

ಎರಡನೇದು ಉಪಕರಣ. 2024ರ ಜುಲೈ ಹೊತ್ತಿಗೆ ಆಸ್ಟಿನ್ ಟವರ್‌ಗೆ ಒಂದು ಹೊಸ ಪರದೆ ಬಂತು. ವಿಮಾನಗಳು ತಾವೇ ಪ್ರಸಾರ ಮಾಡೋ ಎಡಿಎಸ್-ಬಿ ಸಂಕೇತ ಹಿಡಿದು, ನೆಲದ ಮೇಲೆ ಯಾರು ಎಲ್ಲಿದ್ದಾರೆ ಅಂತ ತೋರಿಸುತ್ತೆ. ನೀವು ಫೋನಲ್ಲಿ ವಿಮಾನ ಎಲ್ಲಿದೆ ಅಂತ ನೋಡೋ ಆ್ಯಪ್‌ಗಳಿವೆಯಲ್ಲ, ಅವುಗಳ ಮಾಹಿತಿಯ ಮುಖ್ಯ ಮೂಲವೂ ಇದೇ ಸಂಕೇತ. ನಮ್ಮ ಜೇಬಲ್ಲಿದ್ದ ತಂತ್ರಜ್ಞಾನ ಟವರ್‌ಗೆ ತಲುಪೋಕೆ ಇಂಥದ್ದೊಂದು ಬೆಳಗು ಬೇಕಾಯ್ತು. ಇದರ ಜೊತೆಗೆ, ರನ್‌ವೇ ಮೇಲೆ ಯಾರೋ ಇದ್ದಾರೆ ಅನ್ನೋ ಎಚ್ಚರಿಕೆ ಟವರ್ ಮೂಲಕ ಸುತ್ತಿ ಬರೋ ಬದಲು ನೇರವಾಗಿ ಕಾಕ್‌ಪಿಟ್‌ಗೇ ಬರಬೇಕು ಅಂತ ಎನ್‌ಟಿಎಸ್‌ಬಿ ಒತ್ತಾಯ ಮಾಡ್ತಾನೇ ಇದೆ.

ಮೂರನೇದು ಯಂತ್ರ ಅಲ್ಲ, ಅಭ್ಯಾಸ. ಗೋ-ಅರೌಂಡ್.

ಮೇಲಕ್ಕೆ ಹೋಗೋದು ಸೋಲಲ್ಲ

ಕಳೆದ ತಿಂಗಳು ಒಬ್ಬರು ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ಮಂಗಳೂರಿನ ಹುಡುಗಿ, ಮೊದಲ ಕೆಲಸ, ಮೊದಲ ವಿಮಾನ ಪ್ರಯಾಣ. ‘ಅಣ್ಣಾ, ಇಳಿಯೋ ಹೊತ್ತಿಗೆ ವಿಮಾನ ಮತ್ತೆ ಮೇಲೆ ಹೋದ್ರೆ ಏನೋ ಆಗಿದೆ ಅಂತ ಅರ್ಥ ಅಲ್ವಾ?’ ಅಂತ ಕೇಳಿದ್ರು.

ಅವರಿಗೆ ನಾನು ಕೊಡೋ ಉತ್ತರ: ಏನೋ ಆಗೋದನ್ನ ತಪ್ಪಿಸಿದ್ದಾರೆ ಅಂತ ಅರ್ಥ. ಎಂಜಿನ್ ಗರ್ಜನೆ, ಮೂಗೆತ್ತೋದು, ಹೊಟ್ಟೆಯಲ್ಲಿ ಆಗೋ ತಳಮಳ, ಇವೆಲ್ಲ ಪೈಲಟ್‌ಗಳು ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಮಾಡಿ ಕಲಿತಿರೋ ಕೆಲಸ. ದೀಪ ಕಾಣಲಿಲ್ಲ, ಮುಂದಿನ ವಿಮಾನ ಹೊರಗೆ ಹೋಗಿಲ್ಲ, ವೇಗ ಸರಿಯಿಲ್ಲ, ಬರೀ ಸಂಶಯ ಇದೆ, ಯಾವುದೇ ಕಾರಣ ಆಗಬಹುದು. ಕಾರಣ ಪೈಲಟ್ ಆಮೇಲೆ ಹೇಳಬಹುದು. ಮೊದಲು ಎತ್ತರ.

ಮಂಗಳೂರಿನವರಿಗೆ ಇದನ್ನ ಹೇಳುವಾಗ ನಾನು ಒಂದು ಕ್ಷಣ ನಿಂತೆ. 2010ರ ಮೇ 22ರಂದು ಬಜ್ಪೆಯಲ್ಲಿ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಹೋದ್ರು, ಎಂಟು ಜನ ಉಳಿದ್ರು. ಅಲ್ಲಿ ಇನ್ನೊಂದು ವಿಮಾನ ಇರಲಿಲ್ಲ, ಮಂಜಿನ ಮಾತೂ ಅಲ್ಲ. ಆದರೆ ವಿಮಾನ ಇಳಿಯೋ ದಾರಿಗಿಂತ ಎತ್ತರದಲ್ಲಿದ್ದಾಗ ಸಹ ಪೈಲಟ್ ಗೋ-ಅರೌಂಡ್ ಅಂತ ಮೂರು ಸಲ ಹೇಳಿದ್ದು ತನಿಖೆಯಲ್ಲಿ ದಾಖಲಾಗಿದೆ. ಆ ಮಾತು ಸಮಯಕ್ಕೆ ನಡೆಯಲಿಲ್ಲ. ಆಸ್ಟಿನ್‌ನಲ್ಲಿ ಪಕ್ಕದ ಸೀಟಿನವರು ಕೂಗಿದ ತಕ್ಷಣ ವಿಮಾನ ಎದ್ದಿತು. ಎರಡು ಬೆಳಗುಗಳ ನಡುವಿನ ವ್ಯತ್ಯಾಸ ಇಷ್ಟೇ, ಮತ್ತು ಅದು ಬಹಳ ದೊಡ್ಡದು.

ಪೈಲಟ್ ಮೇಲೆ ಒತ್ತಡ ಎಲ್ಲಿಂದ ಬರುತ್ತೆ? ಇಂಧನದ ಲೆಕ್ಕದಿಂದ ಬರಬಹುದು, ವೇಳಾಪಟ್ಟಿಯಿಂದ ಬರಬಹುದು. ಒಂದು ಪಾಲು ನಮ್ಮಿಂದಲೂ ಬರುತ್ತೆ. ವಿಮಾನ ಮೇಲೆದ್ದ ವಿಡಿಯೋ ಹಾಕಿ, ಸಾವಿನ ದವಡೆಯಿಂದ ಪಾರು ಅಂತ ಶೀರ್ಷಿಕೆ ಕೊಟ್ಟು, ಪೈಲಟ್‌ಗೆ ಬೈಯೋ ನಮ್ಮಿಂದ. ಸರಿಯಾದ ಕೆಲಸ ಮಾಡಿದವರನ್ನ ಊರೆಲ್ಲ ನಗುವಂತೆ ಮಾಡಿದ್ರೆ, ಮುಂದಿನ ಸಲ ಅರೆಕ್ಷಣ ಹಿಂಜರಿಯೋರು ಅವರೂ ಮನುಷ್ಯರೇ. ಆ ಅರೆಕ್ಷಣದಲ್ಲಿ ವಿಮಾನ 36 ಮೀಟರ್ ಮುಂದೆ ಹೋಗಿರುತ್ತೆ.

ನನ್ನ ಆ ದಿನದ ಗೋ-ಅರೌಂಡ್ ಯಾಕೆ ಆಯ್ತು ಅಂತ ನನಗೆ ಯಾರೂ ಹೇಳಲಿಲ್ಲ. ಹೇಳಬೇಕಾಗೂ ಇಲ್ಲ. ಮಂಜಿತ್ತು, ಯಾರಿಗೋ ಏನೋ ಸರಿ ಕಾಣಲಿಲ್ಲ, ಅವರು ‘ಸರಿ ಇರಬಹುದು’ ಅಂದ್ಕೊಳ್ಳಲಿಲ್ಲ. ನಾನು ಮನೆಗೆ ಹೋಗಿ ಅಮ್ಮ ಮಾಡಿದ ಉಪ್ಪಿಟ್ಟು ತಿಂದೆ.

ಆ ಪೋಸ್ಟ್ ಅಳಿಸಿಲ್ಲ. ಅದರ ಕೆಳಗೆ ಒಂದು ಸಾಲು ಸೇರಿಸಿದ್ದೀನಿ: ಆವತ್ತಿನ ಪೈಲಟ್‌ಗಳಿಗೆ ಕ್ಷಮೆ, ಮತ್ತೆ ಥ್ಯಾಂಕ್ಸ್. ಲೈಕು ನಾಲ್ಕೇ ಬಂದಿವೆ, ಪರವಾಗಿಲ್ಲ.

ನಿಮಗೂ ಇಂಥ ಅನುಭವ ಆಗಿದ್ರೆ ವಾಯ್ಸ್ ನೋಟ್ ಕಳಿಸಿ. ಟವರ್‌ನಲ್ಲೋ ಕಾಕ್‌ಪಿಟ್‌ನಲ್ಲೋ ಕೆಲಸ ಮಾಡೋ ಕನ್ನಡಿಗರು ಯಾರಾದ್ರೂ ಕೇಳ್ತಿದ್ರೆ, ನಾನು ಎಲ್ಲಾದ್ರೂ ಎಡವಿದ್ರೆ ತಿದ್ದಿ. ಮುಂದಿನ ವಾರ ಸಿಗೋಣ. ಅಲ್ಲಿವರೆಗೂ ಗಾಡಿ ಓಡಿಸುವಾಗ, ಎದುರಿನವನು ನಿಲ್ಲಿಸ್ತಾನೆ ಅಂತ ಅಂದ್ಕೋಬೇಡಿ, ನೋಡಿ. ನಮಸ್ಕಾರ.